ಭಾನುವಾರದ ಬಾಣಸಿಗ

ನಮ್ಮನೆಯವರು ಅಡುಗೆ ಮಾಡುತ್ತಾರೆ. ಇದನ್ನು ನಾನು ಹೇಳಬೇಕಾಗಿಯೇ ಇಲ್ಲ, ಇಡೀ ಬೀದಿಗೆ ಅವರೇ ಹೇಳಿ ಮುಗಿಸಿದ್ದಾರೆ. ವಾರಕ್ಕೊಂದು ದಿನ, ಭಾನುವಾರ, ಒಂದೇ ಒಂದು ಅಡುಗೆ: ಬಿಳಿ ಬೀನ್ಸ್ ಕಾಳಿಗೆ ಟೊಮೆಟೊ, ಸೊಪ್ಪು ಹಾಕಿ ಮಂದವಾಗಿ ಕುದಿಸಿದ ಸ್ಟ್ಯೂ. ಉಳಿದ ಆರು ದಿನ, ಎರಡೂ ಹೊತ್ತು ಒಲೆಯ ಮುಂದೆ ನಿಲ್ಲುವವಳು ನಾನು. ಆದರೆ ಅದಕ್ಕೆ ಯಾರೂ ಅಡುಗೆ ಅನ್ನುವುದಿಲ್ಲ, 'ಏನಾದರೂ ಒಂದಿಷ್ಟು ಮಾಡು' ಅನ್ನುತ್ತಾರೆ.

ಅವರಿಗೆ ಲಿಫ್ಟ್ ಪರೀಕ್ಷಿಸುವ ಕೆಲಸ. ದೊಡ್ಡ ದೊಡ್ಡ ಕಟ್ಟಡಗಳಿಗೆ ಹೋಗುತ್ತಾರೆ. ಮೆಕ್ಯಾನಿಕ್ ಕೈಗೆ ಗ್ರೀಸ್ ಮೆತ್ತಿಕೊಂಡು ರಿಪೇರಿ ಮಾಡಿರುತ್ತಾನೆ, ಇವರು ಒಂದು ಸಲ ಮೇಲೆ ಹೋಗಿ, ಒಂದು ಸಲ ಕೆಳಗೆ ಬಂದು, ಲಿಫ್ಟಿನೊಳಗಿನ ಕಾರ್ಡಿಗೆ ಸಹಿ ಹಾಕುತ್ತಾರೆ. ಆಮೇಲೆ ಆ ಲಿಫ್ಟ್ ಹತ್ತಿದವರೆಲ್ಲ ಓದುವುದು ಇವರ ಹೆಸರನ್ನೇ. ಈ ಅಭ್ಯಾಸ ಮನೆಗೂ ಬಂದದ್ದರಲ್ಲಿ ಆಶ್ಚರ್ಯವೇನಿಲ್ಲ.

ನಾನು ಕನ್ನಡಕದ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಕೆಲಸ ಮಾಡುತ್ತೇನೆ. ಗಾಜನ್ನು ಉಜ್ಜಿ, ಅಂಚು ತೀಡಿ, ಫ್ರೇಮಿಗೆ ಕೂರಿಸುವುದು. ಹದಿನಾಲ್ಕು ವರ್ಷವಾಯಿತು. ಕೂದಲೆಳೆಯಷ್ಟು ತಪ್ಪಿದರೂ ಯಾರಿಗೋ ತಲೆನೋವು ಬರುತ್ತದೆ, ಅದಕ್ಕೇ ನನ್ನ ಕೈಯನ್ನು ಅಂಗಡಿಯ ಯಜಮಾನರು ನಂಬುತ್ತಾರೆ. ಹೋದ ತಿಂಗಳು ಹೊಸ ಯಂತ್ರ ಬಂದಾಗ ಅದರ ಬೀಗದ ಕೈಯನ್ನು ನನಗೇ ಕೊಟ್ಟರು. ಆ ದಿನ ಮನೆಗೆ ನಡೆದುಕೊಂಡು ಬರುವಾಗ ನನಗೆ ಎಷ್ಟು ಖುಷಿಯಾಗಿತ್ತೆಂದರೆ, ದಾರಿಯಲ್ಲಿ ಒಬ್ಬಳೇ ನಗುತ್ತಿದ್ದೆ.

ಇನ್ನು ಸ್ಟ್ಯೂ ವಿಷಯ. ಶನಿವಾರ ನಾನು ಕಾಳನ್ನು ಹರಡಿ ಕಲ್ಲು ಆರಿಸುತ್ತೇನೆ. ಮಲಗುವ ಮುಂಚೆ ಚಿಟಿಕೆ ಉಪ್ಪು ಹಾಕಿ ನೆನೆಯಲು ಇಡುತ್ತೇನೆ. ಎಂಟು ಗಂಟೆ ನೆನೆಯಬೇಕು. ಬೆಳಗ್ಗೆ ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಬೆಳ್ಳುಳ್ಳಿಯ ಜೊತೆ ಸಣ್ಣ ಉರಿಯಲ್ಲಿ ಬೇಯಿಸುತ್ತೇನೆ. ಕಾಳು ಎರಡು ಬೆರಳ ನಡುವೆ ಹಿಸುಕಿದರೆ ಬೆಣ್ಣೆಯಂತೆ ಜಾರಬೇಕು. ಅಲ್ಲಿಯವರೆಗೆ ಟೊಮೆಟೊ ಹತ್ತಿರ ಸುಳಿಯಬಾರದು, ಹುಳಿ ತಗುಲಿದರೆ ಕಾಳು ಸೆಟೆದುಕೊಂಡು ಕೂರುತ್ತದೆ. ಅಷ್ಟರಲ್ಲಿ ಬಿಸಿನೀರಿನಲ್ಲಿ ಅದ್ದಿದ ಟೊಮೆಟೊಗಳ ಸಿಪ್ಪೆ ತೆಗೆದು, ಈರುಳ್ಳಿ ಹೆಚ್ಚಿ, ಕಿಟಕಿಯ ಕುಂಡದಿಂದ ಕಾಮಕಸ್ತೂರಿ, ಪುದೀನ ಕಿತ್ತು ತೊಳೆದು, ಎಲ್ಲವನ್ನೂ ಸಣ್ಣ ಸಣ್ಣ ಬಟ್ಟಲುಗಳಲ್ಲಿ ಸಾಲಾಗಿ ಇಡುತ್ತೇನೆ.

ಹತ್ತು ಗಂಟೆಗೆ ನಮ್ಮನೆಯವರು ಏಪ್ರನ್ ಕಟ್ಟಿಕೊಂಡು ಅಡುಗೆಮನೆ ಪ್ರವೇಶಿಸುತ್ತಾರೆ. ಎಣ್ಣೆ ಬಿಸಿ ಮಾಡುತ್ತಾರೆ. ಬಟ್ಟಲುಗಳನ್ನು ಒಂದೊಂದಾಗಿ ಪಾತ್ರೆಗೆ ಬೋರಲು ಹಾಕುತ್ತಾರೆ. ಸೌಟು ತಿರುಗಿಸುತ್ತಾರೆ. ಮೊದಮೊದಲು ಈ ತಯಾರಿಯನ್ನೆಲ್ಲ ನಾನೇ ಇಷ್ಟಪಟ್ಟು ಮಾಡುತ್ತಿದ್ದೆ, ಗಂಡ ಒಲೆಯ ಮುಂದೆ ನಿಂತದ್ದೇ ಭಾಗ್ಯ ಅಂತ. ಆಮೇಲೆ ಅದು ಹಾಗೇ ನಡೆದುಕೊಂಡು ಬಂತು. ಕಾಳನ್ನು ನೆನೆಸಬೇಕು ಅನ್ನುವುದೇ ಪಾಪ ಅವರಿಗೆ ಗೊತ್ತಿಲ್ಲ, ಕಾಳು ಹುಟ್ಟುವುದೇ ಮೆತ್ತಗೆ ಅಂದುಕೊಂಡಿದ್ದಾರೆ ಎಂದು ನಾನು ನಂಬಿದ್ದೆ. ಗೊತ್ತಿಲ್ಲದವರ ಮೇಲೆ ಏನು ಕೋಪ ಮಾಡುವುದು? ಹನ್ನೊಂದು ವರ್ಷ ಅದನ್ನು ಹೊಟ್ಟೆಗೆ ಹಾಕಿಕೊಂಡೆ.

ಉಣ್ಣಲು ಪ್ರತಿ ವಾರವೂ ಅದೇ ಮೂವರು ಬರುತ್ತಿದ್ದರು. ಒಬ್ಬರು ನಮ್ಮತ್ತೆ, ಅವರು ನಾದಿನಿಯ ಮನೆಯಲ್ಲಿರುತ್ತಾರೆ. ಇನ್ನೊಬ್ಬಳು ಆ ನಾದಿನಿ. ಮೂರನೆಯವರು ಮೇಲಿನ ಮನೆಯ ಲೆಕ್ಕದ ಮೇಷ್ಟ್ರು, ಅವರಿಗೆ ಅಡುಗೆ ಮಾಡಿಕೊಳ್ಳಲು ಬೇಸರ. ಮೂವರೂ ಹೊಗಳುವುದರಲ್ಲಿ ಪಳಗಿದವರು. "ನನ್ನ ಮಗನ ಕೈಗುಣ" ಅಂತ ಅತ್ತೆ, "ಅಣ್ಣ ಹುಟ್ಟಬೇಕಾದ್ದು ಬಾಣಸಿಗನಾಗಿ" ಅಂತ ನಾದಿನಿ. ಮೇಷ್ಟ್ರು ಮಾತ್ರ ಎರಡನೇ ಸಲ ಬಡಿಸಿಕೊಂಡ ಮೇಲೆ ಬಾಯಿ ಬಿಡುತ್ತಿದ್ದರು. ಊಟವಾದ ಮೇಲೆ ಹದಿನೇಳು ಪಾತ್ರೆಗಳನ್ನು ತೊಳೆಯುವವಳು ಯಾರು ಎಂಬ ಪ್ರಶ್ನೆ ಮಾತ್ರ ಮೇಷ್ಟ್ರ ಲೆಕ್ಕದಲ್ಲೂ ಬರಲಿಲ್ಲ.

ಹೀಗೆ ಹನ್ನೊಂದು ವರ್ಷ ಅಟ್ಟಕ್ಕೇರಿಸಿದರೆ ಯಾರು ತಾನೇ ಕೆಳಗಿಳಿಯುತ್ತಾರೆ? ಒಂದು ಗುರುವಾರ ಸಂಜೆ ನಮ್ಮನೆಯವರು ಬೂಟು ಬಿಚ್ಚುತ್ತಾ ಹೇಳಿದರು.

"ಈ ಲಿಫ್ಟಿನ ಕೆಲ್ಸ ಸಾಕಾಗಿದೆ ಕಣೇ. ಬಸ್ ನಿಲ್ದಾಣದ ಎದುರು ಊಟದ ಮನೆ ಇದೆಯಲ್ಲ, ಆಯಮ್ಮಂಗೆ ಮಂಡಿ ನೋವು. ನಡೆಸೋಕೆ ಯಾರಾದ್ರೂ ಬೇಕಂತೆ. ನಾನು ನಡೆಸ್ತೀನಿ ಅಂದೆ."

"ನೀವಾ?"

"ಯಾಕೆ, ನನ್ನ ಸ್ಟ್ಯೂ ಗೊತ್ತಿಲ್ವಾ ನಿಂಗೆ? ಭಾನುವಾರ ಊಟಕ್ಕೆ ಕರೆದಿದೀನಿ. ತಿಂದು ನೋಡ್ಲಿ. ಸೋಮವಾರ ರಾಜೀನಾಮೆ ಕೊಡೋದೇ."

ಇವರ ಕೆಲಸ ಹೋದರೆ ಮನೆಯ ಗತಿಯೇನು ಅಂತ ಮಾತ್ರ ಆಗ ಯೋಚಿಸಿದ್ದು. ಬೇಡ ಅಂತ ಎರಡು ದಿನ ಹೇಳಿ ನೋಡಿದೆ. "ನಿಂಗೆ ಹೊಟ್ಟೆಕಿಚ್ಚು" ಅಂದರು. ಆ ಮಾತು ನನಗೆ ನಾಟಿತು. ಶನಿವಾರ ಕಾಳಿನ ಡಬ್ಬಿಯನ್ನು ಕೈಯಲ್ಲಿ ಹಿಡಿದು ಸುಮಾರು ಹೊತ್ತು ನಿಂತೆ. ಆಮೇಲೆ ಅದನ್ನು ಇದ್ದಲ್ಲೇ ಇಟ್ಟು ಮಲಗಿಬಿಟ್ಟೆ. ಒಂದು ದಿನ ಅವರೇ ಮಾಡಲಿ, ಅಡುಗೆ ಎಷ್ಟು ಬರುತ್ತದೆ ಅಂತ ಅವರಿಗೇ ಗೊತ್ತಾದರೆ ರಾಜೀನಾಮೆ ತಾನಾಗಿ ನಿಲ್ಲುತ್ತದೆ ಎಂಬುದು ನನ್ನ ಲೆಕ್ಕಾಚಾರ.

ಭಾನುವಾರ ಹತ್ತು ಗಂಟೆಗೆ ಅವರು ಏಪ್ರನ್ ಕಟ್ಟಿಕೊಂಡು ಬಂದರು. ಆವತ್ತು ಅತ್ತೆ, ನಾದಿನಿ ಇಬ್ಬರೂ ಬೇಗನೆ ಬಂದು ಅಡುಗೆಮನೆಯ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡಿದ್ದರು. ನಾದಿನಿ ಮೊಬೈಲಿನಲ್ಲಿ ವಿಡಿಯೊ ಮಾಡುತ್ತಿದ್ದಳು. ಬಟ್ಟಲುಗಳ ಸಾಲು ಇರಲಿಲ್ಲ. ತೊಳೆದ ಟೊಮೆಟೊ, ಈರುಳ್ಳಿ, ಸೊಪ್ಪಿನ ಕಟ್ಟು, ಕಾಳಿನ ಡಬ್ಬಿ, ಅಷ್ಟೇ. ಅವರು ಡಬ್ಬಿ ತೆರೆದರು. ಒಂದು ಕ್ಷಣ ನಿಂತರು. ತಲೆಯೆತ್ತಿ ನನ್ನ ಕಡೆ ನೋಡಿದರು. ಚಾಕು ಎಲ್ಲಿದೆ ಅಂತ ಕೇಳುತ್ತಿದ್ದಾರೆ ಅಂದುಕೊಂಡು ನಾನು ಚಾಕು ತೋರಿಸಿದೆ.

"ಏನಣ್ಣ, ನಿಂತೇಬಿಟ್ಟೆ?" ಅಂದಳು ನಾದಿನಿ, ಮೊಬೈಲನ್ನು ಇನ್ನೂ ಹತ್ತಿರ ತಂದು.

"ಕಾಳಿನ ಜೊತೆ ಒಂದು ಮಾತುಕತೆ ಆಗ್ಬೇಕು ಮೊದಲು," ಅಂದರು ನಮ್ಮನೆಯವರು. ಅತ್ತೆ ಕರಗಿಹೋದರು. ಇವರು ಒಣ ಕಾಳನ್ನು ಹಾಗೇ ಪಾತ್ರೆಗೆ ಸುರಿದರು, ಅದು ಸುರಿದ ಸದ್ದಿಗೆ ಬೀದಿಯ ನಾಯಿ ಒಂದು ಸಲ ಬೊಗಳಿತು. ಹಿಂದೆಯೇ ಟೊಮೆಟೊ ಹಾಕಿದರು, ಸಿಪ್ಪೆ ಸಮೇತ. ನಾನು ಹೋಗಿ ಹಜಾರದಲ್ಲಿ ಪೇಪರ್ ಹಿಡಿದು ಕೂತೆ. ಮದುವೆಯಾದ ಮೇಲೆ ಭಾನುವಾರದ ಪೇಪರನ್ನು ಭಾನುವಾರವೇ ಓದಿದ್ದು ಅದೇ ಮೊದಲು.

ಊಟದ ಮನೆಯ ಒಡತಿ ಒಂದು ಗಂಟೆಗೆ ಸರಿಯಾಗಿ ಬಂದರು. ಅಗಲ ಮುಖದ, ಮಾತು ಕಡಿಮೆಯ ಹೆಂಗಸು. ಕೋಲನ್ನು ಗೋಡೆಗೆ ಒರಗಿಸಿ ಕೂತರು. ಎರಡು ಗಂಟೆಯಾದರೂ ಪಾತ್ರೆಯೊಳಗಿಂದ ಕಾಳು ಉರುಳಾಡುವ ಸದ್ದು ಕೇಳುತ್ತಲೇ ಇತ್ತು. ಇವರು ಉರಿ ಹೆಚ್ಚಿಸಿದರು, ತಗ್ಗಿಸಿದರು, ಒಲೆಯನ್ನು ಬೈದರು. ಕೊನೆಗೆ ಮೇಷ್ಟ್ರು ಮೂರನೇ ಸಲ ಗಡಿಯಾರ ನೋಡಿದ ಮೇಲೆ ಬಡಿಸಿಯೇಬಿಟ್ಟರು. ಬಣ್ಣ ಚೆನ್ನಾಗಿತ್ತು, ಘಮವೂ ಇತ್ತು. ಎಲ್ಲರೂ ಒಂದೊಂದು ಚಮಚ ಬಾಯಿಗಿಟ್ಟರು. ಮೇಜಿನ ಸುತ್ತ ಕಟಕಟ ಅಂತ ಸದ್ದಾಯಿತು.

ಈಗ ನೋಡು, ಈಗ ಯಾರಾದರೂ ಹೇಳುತ್ತಾರೆ ಅಂತ ನಾನು ಒಬ್ಬೊಬ್ಬರ ಮುಖವನ್ನೇ ನೋಡಿದೆ.

"ಆಹಾ," ಅಂದರು ಅತ್ತೆ. ಕಟ್ಟಿಸಿದ ಹಲ್ಲಿನ ಸೆಟ್ಟನ್ನು ನಾಲಿಗೆಯಿಂದ ಸರಿಪಡಿಸಿಕೊಂಡು, "ಈ ಸಲ ಏನೋ ವಿಶೇಷ ಮಾಡಿದ್ದಾನೆ" ಅಂದರು.

"ಕಾಳು ಕಾಳಾಗೇ ಇದೆ. ಪ್ರತಿ ಸಲ ಮುದ್ದೆ ಆಗೋಗ್ತಿತ್ತು," ಅಂದಳು ನಾದಿನಿ, ನನ್ನ ಕಡೆ ನೋಡಿ.

ಮೇಷ್ಟ್ರು ಸ್ವಲ್ಪ ಹೊತ್ತು ಅಗಿದರು. ಆಮೇಲೆ ಇನ್ನೂ ಸ್ವಲ್ಪ ಹೊತ್ತು ಅಗಿದರು. "ಇದೇ ಮೂಲ ಪದ್ಧತಿ ಇರ್ಬೇಕು. ಮೆತ್ತಗೆ ಮಾಡೋದೆಲ್ಲ ನಾವು ಈಚೆಗೆ ಕಲ್ತಿದ್ದು," ಅಂದರು. ಕೆನ್ನೆಯ ಮೇಲೆ ಕೈಯಿಟ್ಟುಕೊಂಡು, ಇನ್ನೊಂದು ಸಲ ಬಡಿಸಿಕೊಂಡರು ಕೂಡ.

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಇಷ್ಟು ವರ್ಷ ನಾನು ಆರಿಸಿ, ನೆನೆಸಿ, ಬೇಯಿಸಿದ್ದೆಲ್ಲ ದಂಡ. ಇವರೆಲ್ಲ ಹೊಗಳುತ್ತಿದ್ದುದು ಸ್ಟ್ಯೂವನ್ನು ಅಲ್ಲವೇ ಅಲ್ಲ, ಏಪ್ರನ್ನನ್ನು. ಕುದಿಸಿದ ಗೋಲಿ ಬಡಿಸಿದ್ದರೂ ಇವರು ಇದೇ ಮಾತು ಹೇಳುತ್ತಿದ್ದರು. ನಮ್ಮನೆಯವರ ಮುಖ ಮೊದಲು ಬಿಳಿಚಿಕೊಂಡಿದ್ದದ್ದು ನೋಡನೋಡುತ್ತಲೇ ಅರಳಿತು. ನಾಳೆ ರಾಜೀನಾಮೆ ಖಂಡಿತ, ನನ್ನ ಉಪಾಯ ನನಗೇ ತಿರುಗಿಬಿತ್ತು ಅಂದುಕೊಂಡೆ.

ಒಡತಿ ಮಾತ್ರ ಬಾಯಿಂದ ಒಂದು ಕಾಳನ್ನು ತೆಗೆದು ತಟ್ಟೆಯ ಅಂಚಿಗೆ ಇಟ್ಟರು. ಅದನ್ನು ಚಮಚದಿಂದ ಒತ್ತಿ ನೋಡಿದರು. ಅದು ಜಿಗಿದು ಮೇಷ್ಟ್ರ ನೀರಿನ ಲೋಟದ ಹತ್ತಿರ ಬಿತ್ತು.

"ಕಾಳು ಎಷ್ಟು ಹೊತ್ತು ನೆನೆಸಿದ್ರಿ?" ಅಂತ ಇವರನ್ನು ಕೇಳಿದರು.

"ಎಂಟು ಗಂಟೆ," ಅಂದರು ನಮ್ಮನೆಯವರು. ಒಂದಿಷ್ಟೂ ತಡವರಿಸಲಿಲ್ಲ. "ಚಿಟಿಕೆ ಉಪ್ಪು ಹಾಕಿ. ಬೆಳಗ್ಗೆ ಆ ನೀರು ಚೆಲ್ಬಿಡ್ಬೇಕು."

ನನ್ನ ಕೈಯಲ್ಲಿದ್ದ ಬ್ರೆಡ್ಡಿನ ಚೂರು ಹಾಗೇ ನಿಂತಿತು. ಅವರಿಗೆ ಗೊತ್ತಿತ್ತು. ಎಂಟು ಗಂಟೆಯೂ ಗೊತ್ತಿತ್ತು, ಚಿಟಿಕೆ ಉಪ್ಪೂ ಗೊತ್ತಿತ್ತು. ಬೆಳಗ್ಗೆ ಡಬ್ಬಿ ತೆರೆದು ನನ್ನನ್ನು ನೋಡಿದ್ದು ಚಾಕುವಿಗಾಗಿ ಅಲ್ಲ. ಗೊತ್ತಿಲ್ಲದ ಮನುಷ್ಯ ಅಂತ ಹನ್ನೊಂದು ವರ್ಷ ನಾನು ಮನ್ನಿಸುತ್ತಾ ಬಂದದ್ದು ಯಾರನ್ನು?

ಒಡತಿ ನನ್ನ ಕಡೆ ತಿರುಗಿದರು. "ನಿಮ್ಮನ್ನ ಒಂದು ಮಾತು ಕೇಳ್ಬೇಕಿತ್ತಮ್ಮ. ನೀವು ಕನ್ನಡಕದ ಅಂಗಡಿ ಕೆಲ್ಸ ಬಿಟ್ಟು ಬರ್ತೀರ ಅಂತ ಇವರು ಹೇಳಿದಾರೆ. ಬೆಳಗ್ಗೆ ನಾಲ್ಕೂವರೆಗೆ ಬರ್ಬೇಕಾಗುತ್ತೆ. ಹತ್ತು ಕೆಜಿ ಕಾಳು, ದಿನಾ. ಆಗುತ್ತಾ?"

"ಹಾಗಂತ ಹೇಳಿದಾರಾ?"

"ಕಾಗದದಲ್ಲೂ ಬರ್ಕೊಟ್ಟಿದಾರೆ. ಒಲೆ ಮುಂದೆ ಅವರು, ತಯಾರಿಗೆ ನೀವು ಅಂತ."

ನಮ್ಮನೆಯವರು ಕೆಮ್ಮಿದರು. "ಅದು ಮಾತಾಡೋಣ ಅಂತಿದ್ದೆ ಕಣೇ. ಮನೇಲೇ ಇರ್ತೀಯಲ್ಲ, ಹೇಳಿದ್ರಾಯ್ತು ಅಂತ..."

ಹೊಸ ಯಂತ್ರದ ಬೀಗದ ಕೈ ನನಗೆ ಸಿಕ್ಕಿ ಐದು ವಾರವೂ ಆಗಿರಲಿಲ್ಲ. ಅದನ್ನು ಇವರು ನನ್ನನ್ನು ಕೇಳದೆ ಹಿಂದಿರುಗಿಸಿದ ಹಾಗೆಯೇ ಮಾಡಿದ್ದರು. ನಾನು ಜಗಳಗಂಟಿಯಲ್ಲ, ನಾಲ್ಕು ಜನರ ಮುಂದೆ ಗಂಡನಿಗೆ ಎದುರಾಡಿದವಳೂ ಅಲ್ಲ. ಆವತ್ತು ಆಡಿದೆ.

"ನಾನು ಬರಲ್ಲ ಅಮ್ಮ. ನನ್ನ ಕೆಲ್ಸ ನಂಗಿಷ್ಟ, ಬಿಡೋದಿಲ್ಲ. ಈ ಕಾಳು ಎಂಟು ಗಂಟೆ ಅಲ್ಲ, ಎಂಟು ನಿಮಿಷಾನೂ ನೆಂದಿಲ್ಲ. ಯಾಕಂದ್ರೆ ಈ ಮನೇಲಿ ನೆನೆಸೋಳು ನಾನು, ನಿನ್ನೆ ನೆನೆಸ್ಲಿಲ್ಲ. ಇದು ಬೆಂದಿಲ್ಲ. ಯಾರೂ ತಿನ್ಬೇಡಿ, ಹೊಟ್ಟೆ ಕೆಡುತ್ತೆ."

ಅತ್ತೆ ಬಾಯಲ್ಲಿದ್ದದ್ದನ್ನು ಕರವಸ್ತ್ರಕ್ಕೆ ಉಗಿದರು. ನಾದಿನಿ ಮೊಬೈಲನ್ನು ಬೋರಲು ಹಾಕಿದಳು. "ನಂಗೂ ಹಾಗೇ ಅನ್ನಿಸ್ತು," ಅಂದರು ಮೇಷ್ಟ್ರು, ಎರಡನೇ ತಟ್ಟೆಯನ್ನು ಮೆಲ್ಲಗೆ ಆಚೆ ತಳ್ಳಿ.

ಒಡತಿ ಕೋಲು ತೆಗೆದುಕೊಂಡು ಎದ್ದರು. ಬಾಗಿಲ ಹತ್ತಿರ ನನ್ನ ಭುಜದ ಮೇಲೆ ಕೈಯಿಟ್ಟು, "ನಮ್ಮ ಯಜಮಾನ್ರೂ ಇಪ್ಪತ್ತು ವರ್ಷ ಗಲ್ಲಾದಲ್ಲಿ ಕೂತು ಅಡುಗೆ ಮಾಡಿದ್ರು" ಅಂದು, ಮೆಟ್ಟಿಲನ್ನು ಒಂದೊಂದಾಗಿ ಇಳಿದು ಹೋದರು.

ಎಲ್ಲರೂ ಹೋದ ಮೇಲೆ ನಾನು ಅಡುಗೆಮನೆಗೆ ಹೋದೆ. ಅವರು ಏಪ್ರನ್ ಬಿಚ್ಚದೆ, ಸ್ಟೂಲಿನ ಮೇಲೆ ಮುಖ ಗಂಟು ಹಾಕಿಕೊಂಡು ಕೂತಿದ್ದರು.

"ಒಂದು ಮಾತು ಹೇಳ್ಬಹುದಿತ್ತು ನೀನು, ನೆನೆಸಿಲ್ಲ ಅಂತ," ಅಂದರು.

"ಡಬ್ಬಿ ತೆಗೆದ ತಕ್ಷಣ ನಿಮಗೇ ಗೊತ್ತಾಯ್ತಲ್ಲ. ನೀವೊಂದು ಮಾತು ಕೇಳ್ಬಹುದಿತ್ತು, ಯಾಕೆ ನೆನೆಸಿಲ್ಲ ಅಂತ."

ಅವರು ತಲೆಯೆತ್ತಿದರು. ಮುಖದಲ್ಲಿ ಮೋಸವಿರಲಿಲ್ಲ, ನಿಜವಾದ ಸಂಕಟವಿತ್ತು. ನಾನು ಅವರ ಕಷ್ಟವನ್ನು ಅರ್ಥಮಾಡಿಕೊಳ್ಳುತ್ತೇನೆ ಎಂದು ಪೂರ್ತಿ ನಂಬಿದವರ ಹಾಗೆ ಹೇಳಿದರು.

"ಅವರೆಲ್ಲರ ಮುಂದೆ ಹೇಗೆ ಕೇಳ್ಲಿ ಹೇಳು?"