ಗಾಜಿನ ಮೇಲಿನ ಸುಣ್ಣ

ಚಂದಮ್ಮ ಚಿಂದಿಯ ತುದಿಯನ್ನು ಸೀಮೆಎಣ್ಣೆಯಲ್ಲಿ ಅದ್ದಿ ಗಂಡನ ಬಲಗೈ ಹೆಬ್ಬೆರಳಿನ ಉಗುರನ್ನು ಮತ್ತೊಮ್ಮೆ ಉಜ್ಜಿದಳು. ಕಿಟಕಿಗೆ ಗಾಜು ಕೂರಿಸುವ ಪುಟ್ಟಿಯ ಅಂಟು ಉಗುರಿನ ಸಂದಿಯಲ್ಲಿ ಕಲ್ಲಾಗಿ ಕೂತಿತ್ತು. ಮೂರು ದಿನದ ಜ್ವರ ಲಾಲಪ್ಪನನ್ನು ಒಯ್ದಿತ್ತು, ಪುಟ್ಟಿಯನ್ನು ಬಿಟ್ಟುಹೋಗಿತ್ತು.

"ಸಾಕ ಬಿಡ್ರಿ ಚಂದಕ್ಕಾ," ಎಂದ, ಹೊರಗೆ ಚಟ್ಟಕ್ಕೆ ಬಿದಿರು ಕಟ್ಟುತ್ತಿದ್ದ ಸಿದ್ದಲಿಂಗಪ್ಪ. "ಅಲ್ಲಿ ಯಾರೂ ಉಗುರ ನೋಡಂಗಿಲ್ಲ."

"ನೀ ಗಂಟ ಸರಿಯಾಗಿ ಕಟ್ಟು. ಹೋದ ಸಲ ಕಾಡಪ್ಪನ್ನ ಅರ್ಧ ದಾರಿಯಾಗ ಜಾರಿಸಿದ್ರಿ."

ಯಾರೋ ನಕ್ಕು, ನಕ್ಕದ್ದನ್ನು ಮುಚ್ಚಲು ಕೆಮ್ಮಿದರು. ಕೊಂಢವಾ ಬಡಾವಣೆಯ ಆ ತಗಡಿನ ಶೆಡ್ಡುಗಳ ಸಾಲಿನಲ್ಲಿ ಅಂದು ಕೆಲಸಕ್ಕೆ ಹೋಗದೆ ಉಳಿದವರು ಹತ್ತು ಹನ್ನೆರಡು ಜನ. ಎಲ್ಲರೂ ದಣಿದವರೇ, ಕೂತಲ್ಲೇ ಕಣ್ಣು ಮುಚ್ಚಿಹೋಗುತ್ತಿತ್ತು. ಪಕ್ಕದ ಶೆಡ್ಡಿನ ಸಾವಿತ್ರಿಬಾಯಿ ಯಾರೂ ಕೇಳದೆಯೇ ಒಂದು ಕಿಟ್ಲಿ ಚಹಾ ತಂದಿಟ್ಟು ಹೋಗಿದ್ದಳು.

ಮಾನಮ್ಮ ಬಂದಾಗ ಎಲ್ಲರೂ ಸರಿದು ದಾರಿ ಕೊಟ್ಟರು. ಅವಳ ಬಲಗಣ್ಣು ಮುಚ್ಚಿಹೋಗಿತ್ತು. ಹುಬ್ಬಿನಿಂದ ಕೆನ್ನೆಯವರೆಗೆ ಗಾಯದ ಗೆರೆ.

"ಲಾಲಪ್ಪನ ತಪ್ಪಿಗೆ ಕಣ್ಣ ಕಳಕೊಂಡಾಕಿ," ಎಂದು ಭೀಮಣ್ಣ ಪಕ್ಕದವನಿಗೆ ಹೇಳಿದ. "ಆದ್ರೂ ಮಣ್ಣಿಗೆ ಬಂದಾಳ ನೋಡು. ಭಾಳ ದೊಡ್ಡ ಮನಸ."

ಮಾನಮ್ಮನಿಗೆ ಅದು ಕೇಳಿಸಿತು. ಹಡಪಸರದಿಂದ ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಅವಳು ಒಂದೇ ಮಾತನ್ನು ಜೋಡಿಸಿಕೊಂಡಿದ್ದಳು. ಹೆಣ ಎತ್ತುವುದರೊಳಗೆ ಅದನ್ನು ಹೇಳಿಬಿಡಬೇಕಿತ್ತು.

*

ಹನ್ನೊಂದು ವರ್ಷದ ಹಿಂದೆ, ಎಪ್ಪತ್ತಮೂರರಲ್ಲಿ, ಹಡಪಸರದಲ್ಲಿ ಒಂದು ಕಾರ್ಖಾನೆಯ ಆಫೀಸು ಕಟ್ಟುತ್ತಿದ್ದರು. ಲಾಲಪ್ಪ ಗಾಜು ಕೂರಿಸುವವ; ಮಾನಮ್ಮ ಉಸುಕು ಹೊರುವವಳು, ಅವಳ ಗಂಡನೂ ಅಲ್ಲೇ ಕೂಲಿಗಿದ್ದ. ಒಳಕೋಣೆಗೆ ನೆಲದಿಂದ ಸೂರಿನವರೆಗೆ ಒಂದೇ ಗಾಜು. ಹೊಸ ಗಾಜು ಕಣ್ಣಿಗೆ ಕಾಣುವುದಿಲ್ಲವೆಂದು, ಕೂರಿಸಿದ ಕೂಡಲೇ ಅದರ ಮೇಲೆ ಕತ್ತರಿಯ ಹಾಗೆ ಸುಣ್ಣದ ಎರಡು ಗೀಟು ಎಳೆಯುವುದು ಆ ಕೆಲಸದವರ ರೂಢಿ. ಲಾಲಪ್ಪ ಎಳೆದಿದ್ದ.

ಮಧ್ಯಾಹ್ನ ಮಾಲೀಕರು ಬರುತ್ತಾರೆಂದು ಕೂಲಿಗಳ ಮೇಸ್ತ್ರಿಯಾದ ಮುಕಾದಮ ಕಿಟಕಿಗಳನ್ನು ಒರೆಸಲು ಹೇಳಿದ. ಮಾನಮ್ಮ ತನ್ನ ಹಳೆಯ ಹಸಿರು ಸೀರೆಯ ತುಂಡಿನಿಂದ ಒರೆಸಿದಳು. ಚೆಂದ ಕಾಣಲಿ ಎಂದು, ಯಾರೂ ಹೇಳದಿದ್ದರೂ, ಆ ದೊಡ್ಡ ಗಾಜನ್ನೂ ಒರೆಸಿದಳು. ಆಮೇಲೆ ಉಸುಕಿನ ಬುಟ್ಟಿ ಹೊತ್ತು ಬಂದವಳಿಗೆ ಎದುರಿಗೆ ದಾರಿ ಮಾತ್ರ ಕಂಡಿತು.

"ತಾನೇ ಹೋಗಿ ಬಡಕೊಂಡಾಳ," ಎಂದ ಮುಕಾದಮ. "ಈಕೀನೂ ಈಕಿ ಗಂಡನ್ನೂ ಕೆಲಸದಿಂದ ತಗೀರಿ."

ನೆಲದ ಮೇಲೆ ಬಿದ್ದಿದ್ದ ಮಾನಮ್ಮನಿಗೆ ಲಾಲಪ್ಪನ ದನಿ ಕೇಳಿಸಿತು. "ಗುರುತು ಹಾಕಿರಲಿಲ್ರಿ. ತಪ್ಪು ನಂದು."

ಮಾನಮ್ಮನ, ಅವಳ ಗಂಡನ ಕೆಲಸ ಉಳಿಯಿತು. ಲಾಲಪ್ಪನನ್ನು ಅಂದೇ ತೆಗೆದರು. ಮುಂದೆ ದೊಡ್ಡ ಕಟ್ಟಡದವರು ಯಾರೂ ಅವನನ್ನು ಕರೆಯಲಿಲ್ಲ. ಸೈಕಲ್ಲಿಗೆ ಗಾಜು ಕಟ್ಟಿಕೊಂಡು, ಮನೆಮನೆಯ ಒಡೆದ ಕಿಟಕಿ ಸರಿಮಾಡುತ್ತ ತಿರುಗಿದ. ಗುರುತು ಹಾಕಿದ್ದು ಅವನಿಗೇ ಮರೆತುಹೋಗಿರಬೇಕು ಎಂದು ಮಾನಮ್ಮ ನಂಬಿಕೊಂಡಳು. ಹಾಗೆ ನಂಬುವುದು ಸುಲಭವಾಗಿತ್ತು.

*

"ಮಾನಮ್ಮಾ, ಆ ಚೀಲ ಕೊಡವ್ವ," ಎಂದಳು ಚಂದಮ್ಮ. "ಗಾಜು ಕೊರಿಯೋ ಹೀರಾ ಅದರಾಗ ಅದ. ಅವರ ಕೂಡ ಇಡಬೇಕು."

ಮಾನಮ್ಮ ಗೂಟದಿಂದ ಚೀಲ ಇಳಿಸಿ ಕೈಹಾಕಿದಳು. ವಜ್ರದ ಮೊನೆಯ ಆ ಕಡ್ಡಿ ಸಿಕ್ಕಿತು. ಅದರಡಿಗೆ ಗಟ್ಟಿಯಾದ ಇನ್ನೇನೋ. ಹೊರತೆಗೆದಳು. ಹಸಿರು ಬಟ್ಟೆ. ಸುಣ್ಣ ಕುಡಿದು, ಹಿಂಡಿದ ಮುಷ್ಟಿಯ ಆಕಾರದಲ್ಲೇ ಒಣಗಿತ್ತು.

"ಅದನ್ನ ಚೆಲ್ಲಲಿಕ್ಕೆ ಬಿಡ್ತಿರಲಿಲ್ಲ," ಎಂದಳು ಚಂದಮ್ಮ. "ಯಾಕಂದ್ರ ಹೇಳ್ತಿರಲಿಲ್ಲ."

ಬಸ್ಸಿನಲ್ಲಿ ಜೋಡಿಸಿಕೊಂಡದ್ದೆಲ್ಲ ಚದುರಿತು. "ಅಕ್ಕಾ, ಅಣ್ಣ ಗುರುತು ಹಾಕಿದ್ದ," ಎಂದಳು ಮಾನಮ್ಮ, ಹೊರಗಿನವರಿಗೂ ಕೇಳುವಂತೆ. "ಒರಸಿದಾಕಿ ನಾನು. ಇದೇ ಅರಿವೀಲೆ. ಅವಗ ಗೊತ್ತಿತ್ತು."

ಹೊರಗೆ ಹಗ್ಗ ಬಿಗಿಯುವ ಸದ್ದು ನಿಂತಿತು. ಭೀಮಣ್ಣ ಚಹಾದ ಬಟ್ಟಲನ್ನು ಕೆಳಗಿಟ್ಟ.

ಚಂದಮ್ಮ ಗಂಡನ ಕೈ ಹಿಡಿದೇ ಇದ್ದಳು. "ಹನ್ನೊಂದು ವರ್ಷ," ಎಂದಳು. "ನಾನೂ ಬೈದೀನಿ. ಉಣ್ಣಾಕ ಕೂತಾಗ, 'ಒಂದು ಗೀಟು ಎಳೀಲಿಕ್ಕೆ ಬರಲಿಲ್ಲೇನು' ಅಂತ ಬೈದೀನಿ. ಸುಮ್ಮನ ಉಂಡು ಎದ್ದು ಹೋಗ್ತಿದ್ರು."

"ನನ್ನ ಹೊರಗ ಕಳಸಕ್ಕಾ."

ಚಂದಮ್ಮ ಮಾನಮ್ಮನ ಮುಚ್ಚಿದ ಕಣ್ಣನ್ನು ನೋಡಿದಳು. ಆಮೇಲೆ ಚಾಪೆಯ ಮೇಲೆ ಒಂದಿಷ್ಟು ಸರಿದು, ಸೀಮೆಎಣ್ಣೆಯ ಬಟ್ಟಲನ್ನು ನಡುವೆ ಇಟ್ಟಳು.

"ಆ ಕೈ ಇನ್ನೂ ಆಗಿಲ್ಲ," ಎಂದಳು.

ಮಾನಮ್ಮ ಕೂತು ಲಾಲಪ್ಪನ ಎಡಗೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು. ಹಸಿರು ಬಟ್ಟೆ ಬಟ್ಟಲಿನ ಪಕ್ಕದಲ್ಲಿ, ಅವಳ ಐದು ಬೆರಳುಗಳ ಮಡಿಕೆಯನ್ನು ಹಿಡಿದುಕೊಂಡೇ ಬಿದ್ದಿತ್ತು.