ಮೊದಲ ಚಡಾಯಿ

ಸಂಜೆಯಾದರೆ ಮೈಂದರ್ಗಿಯ ಅಮೃತಪ್ಪನ ಮನೆಯ ಕಟ್ಟೆ ತುಂಬಿಬಿಡುತ್ತಿತ್ತು. ಊರಿನ ಕಬಡ್ಡಿ ಸಂಘವನ್ನು ಕಟ್ಟಿದವನೇ ಅಮೃತಪ್ಪ. ಅವನು ಆಡುತ್ತಿದ್ದ ಕಾಲಕ್ಕೆ ಆ ಆಟಕ್ಕೆ ಹುತುತು ಎನ್ನುತ್ತಿದ್ದರು. ಈಗಲೂ ಅವನ ಬಾಯಲ್ಲಿ ಅದು ಹುತುತುವೇ. ಯಾರನ್ನು ಆಡಿಸಬೇಕು, ಯಾರನ್ನು ಕೂರಿಸಬೇಕು ಎಂಬುದರಲ್ಲಿ ಅವನದೇ ಕೊನೆಯ ಮಾತು. ಆ ಕೊನೆಯ ಮಾತು ಬರುವ ತನಕ ಮಾತ್ರ ಕಟ್ಟೆಯ ಮೇಲೆ ಕೂತವರೆಲ್ಲ ಗಂಟಲು ಹರಿಯುವಂತೆ ವಾದಿಸುತ್ತಿದ್ದರು.

ಅವನ ಸೊಸೆ ಗುರುಬಾಯಿ ಒಳಗೆ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಬೋರಾಮಣಿಯ ತವರಿನಿಂದ ಈ ಮನೆಗೆ ಬಂದ ಮೇಲೆ ಅವಳು ಒಂದು ಪಂದ್ಯವನ್ನೂ ಕಣ್ಣಾರೆ ಕಂಡಿರಲಿಲ್ಲ. ಗಂಡಸರು ಕೂತಿರುವಾಗ ಪಡಸಾಲೆಯ ಹೊಸ್ತಿಲು ದಾಟಿ ಹೋಗುವ ಪದ್ಧತಿಯೂ ಆ ಮನೆಯಲ್ಲಿ ಇರಲಿಲ್ಲ. ಆದರೆ ಕೇಳಿ ಕೇಳಿ ಅವಳಿಗೆ ಆಟ ತಲೆಗೆ ಹತ್ತಿತ್ತು. ನೆರೆಯೂರು ದುಧನಿಯ ಆಟಗಾರರಲ್ಲಿ ಯಾರು ಮೀನಖಂಡಕ್ಕೆ ಕೈ ಹಾಕುತ್ತಾರೆ, ಯಾರು ಸೊಂಟಕ್ಕೆ ಬೀಳುತ್ತಾರೆ ಎಂಬುದನ್ನು ಕೂಡ ಅವಳು ಬಲ್ಲಳು. ಸಾತಲಿಂಗಪ್ಪ ಏನಾದರೂ ತಪ್ಪು ಹೇಳಿದರೆ ಹಿಟ್ಟಿನ ಕೈಯನ್ನು ಹಾಗೇ ನಿಲ್ಲಿಸಿ ತನ್ನಷ್ಟಕ್ಕೆ ತಾನೇ ತಲೆ ಅಲ್ಲಾಡಿಸುತ್ತಿದ್ದಳು.

ಆ ವರ್ಷ, ಎಪ್ಪತ್ನಾಲ್ಕರ ಚಳಿಗಾಲ, ಕಟ್ಟೆಯ ಮೇಲಿನ ವಾದವೆಲ್ಲ ಒಬ್ಬನ ಸುತ್ತಲೇ ಸುತ್ತುತ್ತಿತ್ತು. ಅವನು ಅವಳ ಗಂಡ ಭೀಮಶಾ. ಮೀಸೆ ಮೂಡಿದಾಗಿನಿಂದ ಊರಿನ ಮೊದಲ ಚಡಾಯಿ ಅವನದೇ. ಆಟ ಶುರುವಾದ ಕೂಡಲೇ ಉಸಿರು ಕಟ್ಟಿ ಎದುರಾಳಿಯ ಅಂಗಳಕ್ಕೆ ನುಗ್ಗುವವನು ಅವನೇ.

"ನಾ ಹೇಳೂದು ಕೇಳ್ರಿ ಕಾಕಾ," ಕಿರಾಣಿ ಅಂಗಡಿಯ ಸಾತಲಿಂಗಪ್ಪ ಅಂದು ಶುರು ಮಾಡಿದ. "ಭೀಮಶಾ ಛಲೋ ಆಟಗಾರ, ಇಲ್ಲ ಅನ್ನಂಗಿಲ್ಲ. ಆದ್ರ ಈ ಸಲ ಹ್ಯಾಂಗ ಆಡಾಕತ್ತಾನ? ಹೋಗ್ತಾನ, ಗೆರಿ ಮುಟ್ಟತಾನ, ತಿರುಗಿ ಬರ್ತಾನ. ಒಬ್ಬನ್ನರ ಹೊಡದು ಬಂದಾನೇನು?"

"ಅವ್ರು ಅವಗ ಹೆದರಿ ಹಿಂದ ಸರೀತಾರಪ್ಪ, ಏನ್ ಮಾಡ್ತಾನ?" ಮಲಕಾಜಪ್ಪ ಭೀಮಶಾನ ಕಡೆಯವನು. ಅವನ ಕೈಯಲ್ಲಿ ಸದಾ ಎಲೆಯಡಿಕೆಯ ಚಂಚಿ.

"ಹೆದರೂ ದಿನ ಹೋದವು. ಗಿರಣಿ ಖಂಡಪ್ಪನ್ನ ಮೊದಲ ಕಳಸ್ರಿ. ಗಾಳಿ ಹೋದಂಗ ಹೋಗ್ತಾನ."

"ಖಂಡಪ್ಪಂದು ಕಾಲ ಅದಾವ, ತಲಿ ಇಲ್ಲ."

"ಭೀಮಶಾಂದು ತಲಿ ಅದ. ಕಾಲ ಎಲ್ಲ್ಯಾವ?"

ಎಲ್ಲರೂ ನಕ್ಕರು. ಅವರ ನಡುವೆಯೇ ಕೂತಿದ್ದ ಭೀಮಶಾ ಕೂಡ ನಕ್ಕ. ಆ ನಗು ಗುರುಬಾಯಿಗೆ ಗೋಡೆಯಾಚೆಯಿಂದಲೂ ಬೇರೆಯಾಗಿ ಕೇಳಿಸಿತು.

"ಮದುವಿ ಆದ ಮ್ಯಾಲ ಹಿಂಗಾಗ್ಯಾನ್ರಿ," ಎಂದಿತು ಇನ್ನೊಂದು ದನಿ. "ಮನಿ ಬಿಟ್ಟು ಹೊರಗ ಬರಾಕ ಮನಸಿಲ್ಲ."

ಮತ್ತೆ ನಗು. ಅತ್ತೆ ಗುರಮ್ಮ ಸೊಪ್ಪು ಸೋಸುತ್ತಿದ್ದವಳು ತಲೆ ಎತ್ತಿ ಸೊಸೆಯನ್ನು ಒಮ್ಮೆ ನೋಡಿದಳು.

ಗಂಡನ ಆಟ ಯಾಕೆ ಕುಗ್ಗಿದೆ ಎಂಬುದು ಆ ಮನೆಯಲ್ಲಿ ಗುರುಬಾಯಿ ಒಬ್ಬಳಿಗೇ ಗೊತ್ತಿತ್ತು. ದೀಪಾವಳಿಯ ಮುಂದೆ ತವರಿಗೆ ಹೋಗುವ ನೆವದಲ್ಲಿ ಇಬ್ಬರೂ ಸೊಲ್ಲಾಪುರದಲ್ಲಿ ಬಸ್ಸಿಳಿದು ಎಲುಬಿನ ಡಾಕ್ಟರ ಹತ್ತಿರ ಹೋಗಿದ್ದರು. ಡಾಕ್ಟರು ಭೀಮಶಾನ ಬಲ ಮೊಣಕಾಲನ್ನು ಹಿಡಿದು, ತಿರುವಿ, ಒತ್ತಿ ನೋಡಿ, ಎಲುಬುಗಳ ನಡುವಿನ ಗಾದಿ ಹರಿದಿದೆ ಎಂದು ಮರಾಠಿಯಲ್ಲಿ ತಿಳಿಸಿ ಹೇಳಿದ್ದರು. ನಡೆಯಬಹುದು, ಹೊಲ ಮಾಡಬಹುದು. ಆದರೆ ಯಾರಾದರೂ ಕಾಲು ಹಿಡಿದು ಜೋರಾಗಿ ತಿರುವಿದರೆ ಜನ್ಮಪೂರ್ತಿ ಕುಂಟುವುದೇ. ಆಟ ಬಿಡಬೇಕು.

ಬೋರಾಮಣಿಯ ಬಸ್ಸಿಗೆ ಕಾಯುತ್ತ ನಿಂತಾಗ ಭೀಮಶಾ ಅವಳ ಕೈ ಹಿಡಿದು ತನ್ನ ತಲೆಯ ಮೇಲೆ ಇಟ್ಟುಕೊಂಡಿದ್ದ. "ನನ್ನ ಆಣಿ ಅದ. ಯಾರ ಮುಂದೂ ಬಾಯಿ ಬಿಡಬ್ಯಾಡ. ನಾನೇ ಅಪ್ಪಗ ಹೇಳ್ತೀನಿ."

ಅವನು ಹೇಳಲೇ ಇಲ್ಲ. ಇವಳು ಮಲಗುವ ಹೊತ್ತಿಗೆ ಎಣ್ಣೆ ಕಾಯಿಸಿ ತಿಕ್ಕಿ, ಹಳೆಯ ಸೀರೆಯ ಪಟ್ಟಿ ಕಟ್ಟುತ್ತಿದ್ದಳು. ಬೆಳಗಾಗುವುದರೊಳಗೆ ಅವನು ಅದನ್ನು ಬಿಚ್ಚಿ ಹಾಸಿಗೆಯ ಕೆಳಗೆ ಅಡಗಿಸುತ್ತಿದ್ದ. ಅಕ್ಕಲಕೋಟದ ತಾಲೂಕು ಪಂದ್ಯಗಳು ಹತ್ತಿರ ಬರುತ್ತಿದ್ದಂತೆ ಅದೂ ನಿಂತುಹೋಯಿತು. ಕಟ್ಟೆಯ ಮೇಲಿನ ಚೇಷ್ಟೆಯ ಮಾತು ಗುರಮ್ಮನ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. "ಆಟ ಮುಗಿಯೂತನ ಭೀಮಶಾ ಹೊಲದಾಗ ಮಲಗ್ಲಿ" ಎಂದು ಅವಳು ಸೊಸೆಯ ಎದುರಿಗೇ ಮಗನ ಕಂಬಳಿಯನ್ನು ಮಡಚಿ ಕೊಟ್ಟಳು.

ಗುರುಬಾಯಿ ಆಣೆಯನ್ನು ಅರ್ಧ ಮುರಿದು ನೋಡಿದಳು. "ಅತ್ತಿ, ಅವರ ಕಾಲಾಗ ಒಂದೀಟು ಬ್ಯಾನಿ ಅದ್ರಿ. ಈ ಸಲ ಬಿಟ್ರ..."

ಗುರಮ್ಮ ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟಳು. "ಊರವ್ರು ಅನ್ನೂದು ಖರೇನೇ ಆತಲ್ಲ. ಆಟ ಬಿಡಿಸಿ ಸೆರಗಿನಾಗ ಕಟ್ಟಕೊಂಡು ಕೂಡಾಕಿ ಅದೀಯೇನು?"

ಮುಂದೆ ಏನು ಹೇಳಿದರೂ ಅದಕ್ಕೇ ಬಂದು ನಿಲ್ಲುತ್ತದೆ ಎಂದು ಅವಳಿಗೆ ಅರ್ಥವಾಯಿತು.

ಮಧ್ಯಾಹ್ನ ಊಟಕ್ಕೆ ಬಂದ ಗಂಡನನ್ನು ಹಿತ್ತಲ ಬಾಗಿಲಲ್ಲಿ ತಡೆದಳು. "ಇವತ್ತರ ಮಾವಾರಿಗೆ ಹೇಳ್ರಿ."

"ಹ್ಯಾಂಗ ಹೇಳ್ಲಿ?" ಅವನು ಆಚೀಚೆ ನೋಡಿ ದನಿ ತಗ್ಗಿಸಿದ. "ಈಗ ಕಾಲ ನೋಯ್ತದ ಅಂದ್ರ ಏನಂತಾರ? ಖಂಡಪ್ಪ ಮುಂದ ಬರಾಕತ್ತಾನ, ಅದಕ್ಕ ನೆವ ಹೇಳಾಕತ್ತಾನ ಅಂತಾರ. ಮೊದಲ ಹೇಳಬೇಕಿತ್ತು. ಈಗ ಬರಂಗಿಲ್ಲ."

"ಕಾಲ ಹೋದ್ರ?"

"ಇದೊಂದ ಆಟ," ಎಂದು ಅವನು ಕೈ ತೊಳೆಯಲು ಹೋದ. ಬಗ್ಗುವಾಗ ಎಡಗಾಲಿನ ಮೇಲೇ ಭಾರ ಹಾಕಿದ್ದನ್ನು ಅವಳು ನೋಡಿದಳು.

ಅಕ್ಕಲಕೋಟಕ್ಕೆ ಹೊರಡುವ ಹಿಂದಿನ ಸಂಜೆ ಏಳು ಜನರ ಹೆಸರು ಹೇಳಬೇಕಾಗಿತ್ತು. ಕಟ್ಟೆಯ ಮೇಲೆ ಜಾಗವಿಲ್ಲದೆ ಜನ ಬೀದಿಯಲ್ಲೂ ನಿಂತಿದ್ದರು. ಎದುರಾಳಿಗಳು ದುಧನಿಯವರು ಎಂಬುದು ಗೊತ್ತಾಗಿತ್ತು. ಸಾತಲಿಂಗಪ್ಪ ಅಂದು ಹಿಂಜರಿಯಲಿಲ್ಲ.

"ಕಾಕಾ, ನಿಮ್ಮ ಮಗ ಅಂತ ಬಿಡಬ್ಯಾಡ್ರಿ. ಊರ ಮರ್ಯಾದಿ ಪ್ರಶ್ನಿ ಅದ. ಮೊದಲ ಚಡಾಯಿ ಖಂಡಪ್ಪಗ ಕೊಡ್ರಿ."

"ನನ್ನ ಮಗ ಅಂತ ಎಂದರ ಆಡಿಸೀನೇನು?" ಅಮೃತಪ್ಪನ ದನಿ ಏರಿತು. "ಅವನ ಕಾಲಿಗೆ ಏನಾಗ್ಯಾದ? ಏ ಭೀಮಶಾ, ಏಳು. ಇಲ್ಲೇ ಬಸ್ಕಿ ಹೊಡಿ. ಎಲ್ಲಾರೂ ನೋಡ್ಲಿ."

ಗುರುಬಾಯಿ ಹೆಂಚಿನ ಮೇಲಿದ್ದ ರೊಟ್ಟಿಯನ್ನು ಮರೆತಳು. ಬಸ್ಕಿಗೆ ಕೂತರೆ ಆ ಮೊಣಕಾಲು ಸಿಕ್ಕಿಬೀಳುತ್ತದೆ, ಮತ್ತೆ ನೆಟ್ಟಗಾಗಲು ಹೊತ್ತು ಹಿಡಿಯುತ್ತದೆ. ಅವನು ತಾನಾಗಿ ಹೇಳುತ್ತಾನೇನೋ ಎಂದು ಕಾದಳು. ಅವನು ಧೋತರ ಎತ್ತಿ ಕಟ್ಟುವ ಸಪ್ಪಳವಷ್ಟೇ ಕೇಳಿಸಿತು. ರೊಟ್ಟಿ ಸೀಯುವ ವಾಸನೆಗೆ ಗುರಮ್ಮ "ಏ, ಏ" ಎನ್ನುವಷ್ಟರಲ್ಲಿ ಗುರುಬಾಯಿ ಪಡಸಾಲೆ ದಾಟಿ, ಹೊಸ್ತಿಲು ದಾಟಿ, ಬಾಗಿಲ ಬೆಳಕಿನಲ್ಲಿ ನಿಂತಿದ್ದಳು. ಕೈಯೆಲ್ಲ ಹಿಟ್ಟು.

"ಬಸ್ಕಿ ಬ್ಯಾಡ್ರಿ," ಎಂದಳು. ದನಿ ತನ್ನದಲ್ಲವೆನಿಸಿತು. "ಮೊಣಕಾಲ ಒಳಗ ಹರದದ. ಸೊಲ್ಲಾಪುರದ ಡಾಕ್ಟರ್ ನೋಡ್ಯಾರ. ಆಡಿದ್ರ ಕಾಲ ಹೋಗ್ತದ ಅಂದಾರ."

ಸಾತಲಿಂಗಪ್ಪ ನೆಲ ನೋಡಿದ. ಅಮೃತಪ್ಪ ಸೊಸೆಯ ಕಡೆ ತಿರುಗಲೇ ಇಲ್ಲ, ಮಗನನ್ನೇ ನೋಡುತ್ತ ಕೇಳಿದ, "ಖರೆ ಏನು?"

ಭೀಮಶಾನ ಮುಖ ಕೆಂಪಾಗಿತ್ತು. ಅವನು ಹೆಂಡತಿಯನ್ನು ನೋಡಿದ, ಬೀದಿಯಲ್ಲಿ ನಿಂತವರನ್ನು ನೋಡಿದ.

"ಸುಳ್ಳ," ಎಂದ. "ಹೆಂಗಸು, ಹೆದರ್ಯಾಳ."

ಅಮೃತಪ್ಪ ಎದ್ದು ಬಂದು ಮಗನ ಮುಂದೆ ಕುಕ್ಕರಗಾಲಲ್ಲಿ ಕೂತ. ಬಲ ಮೊಣಕಾಲನ್ನು ಎರಡೂ ಕೈಯಲ್ಲಿ ಹಿಡಿದು, ಒಳಮಗ್ಗುಲಿಗೆ ಹೆಬ್ಬೆರಳಿಟ್ಟು ಒತ್ತಿದ. ಅವನೂ ಆಡಿ ಮೈಕೈ ಮುರಿದುಕೊಂಡವನು. ಅವನ ಬೆರಳಿಗೆ ತಿಳಿಯದ್ದಿರಲಿಲ್ಲ. ಭೀಮಶಾನ ಮುಖ ಅಲುಗಲಿಲ್ಲ, ಆದರೆ ಆ ಚಳಿಯಲ್ಲೂ ಅವನ ಹಣೆಯ ಮೇಲೆ ಬೆವರು ಒಡೆಯಿತು. ಮುದುಕನ ಕೈ ಅಲ್ಲಿಯೇ ನಿಂತಿತು. ಬಾಗಿಲಲ್ಲಿದ್ದ ಗುರುಬಾಯಿಗೆ ಅವನ ಮುಖ ಮಗ್ಗುಲಿನಿಂದ ಕಾಣುತ್ತಿತ್ತು. ಗೊತ್ತಾಯಿತು, ಈಗ ಇವರಿಗೂ ಗೊತ್ತಾಯಿತು ಎಂದುಕೊಂಡಳು. ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

ಅಮೃತಪ್ಪ ಎದ್ದ. ಬೀದಿ ತುಂಬ ಜನ ಅವನ ಬಾಯಿ ನೋಡುತ್ತಿದ್ದರು. ಮಗ "ಸುಳ್ಳ" ಎಂದುಬಿಟ್ಟಾಗಿತ್ತು. ಮಗನನ್ನು ಕೂರಿಸಿದರೆ ಊರ ಮುಂದೆ ಅವನು ಸುಳ್ಳುಗಾರನಾಗುತ್ತಿದ್ದ, ಸೊಸೆಯ ಮಾತಿಗೆ ಸಂಘ ನಡೆಸಿದಂತಾಗುತ್ತಿತ್ತು.

"ಕಾಲಿಗೆ ಏನೂ ಆಗಿಲ್ಲ," ಎಂದ ಅಮೃತಪ್ಪ. "ಮೊದಲ ಚಡಾಯಿ ಭೀಮಶಾಂದೇ."

ಅವಳು ಒಳಗೆ ಬಂದಳು. ಯಾರೂ ಬೈಯಲಿಲ್ಲ. ಗುರಮ್ಮ ಸೀದ ರೊಟ್ಟಿಯನ್ನು ದನದ ಬುಟ್ಟಿಗೆ ಎಸೆದು, ತಾನೇ ಒಲೆಯ ಮುಂದೆ ಕೂತಳು. ಅಂದು ಗಂಡನಿಗೆ ನೀಡಲು ಕೂಡ ಗುರುಬಾಯಿಯನ್ನು ಕರೆಯಲಿಲ್ಲ.

ಮರುದಿನ ಊರೇ ಲಾರಿ ಹತ್ತಿ ಅಕ್ಕಲಕೋಟಕ್ಕೆ ಹೋಯಿತು. ಹೆಂಗಸರು ಉಳಿದರು. ಗುರುಬಾಯಿ ಬೇಳೆ ಆರಿಸಿದಳು, ಆರಿಸಿದ್ದನ್ನೇ ಮತ್ತೆ ಆರಿಸಿದಳು. ಹೊತ್ತು ಇಳಿಯುವಾಗ ಲಾರಿಯ ಸದ್ದಿನ ಜೊತೆಗೆ ಹಲಗೆಯ ಸದ್ದೂ ಕೇಳಿಸಿತು. ಬೀದಿಯಲ್ಲಿ ಗುಲಾಲು ಹಾರುತ್ತಿತ್ತು. ಮಲಕಾಜಪ್ಪ ಮೈಯೆಲ್ಲ ಕೆಂಪಾಗಿ ಬಾಗಿಲಿಗೆ ಓಡಿ ಬಂದ.

"ಗೆದ್ದಿವಿ, ಗುರಮ್ಮಕ್ಕಾ! ನಿನ್ನ ಮಗನೇ ಗೆಲಿಸ್ಯಾನ!"

ಗುರುಬಾಯಿ ಅವನ ಹಿಂದೆ ಲಾರಿಯನ್ನು ನೋಡಿದಳು. ಒಬ್ಬೊಬ್ಬರಾಗಿ ಇಳಿಯುತ್ತಿದ್ದರು. ಭೀಮಶಾ ಇಳಿಯಲಿಲ್ಲ, ಮಾವನೂ ಇಳಿಯಲಿಲ್ಲ.

"ಅವ್ರು ಎಲ್ಲಿ?" ಅವಳೇ ಕೇಳಿದಳು.

ಮಲಕಾಜಪ್ಪನ ಕೈ ಹಣೆಯ ಗುಲಾಲು ಒರೆಸಿಕೊಳ್ಳತೊಡಗಿತು. "ಕಾಲ ಸ್ವಲ್ಪ... ಸೊಲ್ಲಾಪುರದ ದವಾಖಾನಿಗೆ ಒಯ್ದಾರವ್ವ. ಜೀಪಿನಾಗ."

ಗುರಮ್ಮ ಕುಸಿದು ಕೂತಳು. ಗುರುಬಾಯಿ ಅಳಲಿಲ್ಲ. ಒಂದು ಸೀರೆ, ಎರಡು ಧೋತರ ಗಂಟು ಕಟ್ಟಿ ಬಸ್ಸಿಗೆ ಹೊರಟಳು. ಅಂದು ಅವಳನ್ನು ಬೇಡ ಎನ್ನುವ ಬಾಯಿ ಆ ಮನೆಯಲ್ಲಿ ಇರಲಿಲ್ಲ.

ಆಪರೇಷನ್ ಆಯಿತು. ತೊಡೆಯಿಂದ ಪಾದದವರೆಗೆ ಪ್ಲಾಸ್ಟರು ಹಾಕಿದರು. ನಡೆಯಲು ಬರುತ್ತದೆ, ಆದರೆ ಆ ಕಾಲು ಇನ್ನು ಮಡಚುವುದಿಲ್ಲ ಎಂದು ಡಾಕ್ಟರು ಹೇಳಿದರು. ಅಮೃತಪ್ಪ ಕೇಳಿಸಿಕೊಂಡು ಹೊರಗೆ ಹೋಗಿ ಬೇವಿನ ಮರದ ಕೆಳಗೆ ಕೂತ. ಅಲ್ಲಿಂದ ಒಳಗೆ ಬರುತ್ತಲೇ ಇರಲಿಲ್ಲ.

ಭಾನುವಾರ ಮೈಂದರ್ಗಿಯವರು ಮೋಸಂಬಿ ತೆಗೆದುಕೊಂಡು ನೋಡಲು ಬಂದರು. ಮಂಚದ ಸುತ್ತ ನಿಂತು ಮೊದಲು ತಗ್ಗಿದ ದನಿಯಲ್ಲಿ ವಿಚಾರಿಸಿದರು. ಆಮೇಲೆ ಯಾರೋ ಆ ಕೊನೆಯ ಚಡಾಯಿಯ ಮಾತು ತೆಗೆದರು.

"ನಾಕು ಮಂದಿ ಮೈಮ್ಯಾಲ ಬಿದ್ದಾರ್ರಿ! ಕಾಲ ತಿರುವಿ ಹಾಕ್ಯಾರ. ಇಂವ ಉಸರು ಬಿಟ್ಟಿಲ್ಲ. ತೆವಳಕೋತ ಬಂದು ಕೈ ಗೆರಿಗೆ ಮುಟ್ಟಿಸ್ಯಾನ!"

"ಆದ್ರ ಆ ಚಡಾಯಿ ಖಂಡಪ್ಪಗ ಬಿಡಬೇಕಿತ್ತು," ಎಂದ ಸಾತಲಿಂಗಪ್ಪ. "ಇಂವ ಎಡಕ್ಕ ಹೋದ, ಅಲ್ಲೇ ತಪ್ಪಾತು."

"ಎಡಕ್ಕಲ್ಲೋ, ಬಲಕ್ಕ ಹೋಗಿದ್ದ!"

"ಎಡಕ್ಕೇ," ಎಂದ ಭೀಮಶಾ. ದಿಂಬಿನಿಂದ ತಲೆ ಎತ್ತಿದ್ದ, ಕಣ್ಣು ಹೊಳೆಯುತ್ತಿದ್ದವು. "ಬಲಕ್ಕ ಅವ್ರು ಕೈಗೆ ಕೈ ಕೂಡಿಸಿ ಸರಪಳಿ ಹಿಡದಿದ್ರು."

ಗುರುಬಾಯಿ ಕೈಯಲ್ಲಿದ್ದ ಮೋಸಂಬಿಯನ್ನು ಕೆಳಗಿಟ್ಟಳು. "ಎಲ್ಲಾರೂ ಹೊರಗ ನಡೀರಿ," ಎಂದಳು.

ಅವರು ಅವಳ ಮುಖ ನೋಡಿ ಒಬ್ಬರ ಹಿಂದೊಬ್ಬರು ಹೊರಬಿದ್ದರು. ವಾರ್ಡಿನಲ್ಲಿ ಪಕ್ಕದ ಮಂಚದವನ ಕೆಮ್ಮಷ್ಟೇ ಉಳಿಯಿತು. ಭೀಮಶಾ ಛಾವಣಿ ನೋಡುತ್ತ ಮಲಗಿದ. ಮುಖದ ಹೊಳಪು ಆರಿಹೋಯಿತು.

"ಊಟಕ್ಕ ಹ್ಯಾಂಗ ಕೂಡ್ಲಿ?" ಎಂದು ಕೇಳಿದ.

"ಕೂಡೂ ಮಣಿ ಎತ್ತರ ಮಾಡಸೋಣು."

"ಹೊಲದಾಗ ಕಳೆ ತೆಗ್ಯಾಕ?"

ನಾನು ಅಂದೇ ಹೇಳಿದ್ದೆನಲ್ಲ ಎಂಬ ಮಾತು ಅವಳ ಬಾಯಿಯವರೆಗೆ ಬಂತು. ಅದರಿಂದ ಈಗ ಯಾರಿಗೂ ಏನೂ ಆಗಬೇಕಾಗಿರಲಿಲ್ಲ. ಸುಮ್ಮನೆ ಅವನ ಹೊದಿಕೆ ಸರಿಮಾಡಿದಳು.

ಅವನೆಂದ, "ಅವ್ರನ್ನ ಒಳಗ ಕರಿ."

"ಯಾಕ್ರಿ?"

"ಅವ್ರು ಮಾತಾಡೂತನ ನಾ ಇನ್ನಾ ಆಡಾಕತ್ತೀನಿ ಅನಸ್ತದ. ಹೋದ ಕೂಡಲೆ ಬರೇ ಈ ಕಾಲ ಇರ್ತದ." ಅವನು ಗೋಡೆಯ ಕಡೆ ಮುಖ ತಿರುಗಿಸಿದ. "ಕರಿ, ಗುರು."

ಅವಳಿಗೆ ಅವನ ಮೇಲೆ ಸಿಟ್ಟು ಬಂತು, ಅಷ್ಟೇ ಕರುಳೂ ಚುರ್ರೆಂದಿತು. ಎರಡನ್ನೂ ಎಲ್ಲಿ ಇಳಿಸಬೇಕೋ ತಿಳಿಯದೆ ಎದ್ದು ಹೊರಗೆ ನಡೆದಳು.

ಬೇವಿನ ಮರದ ಕೆಳಗೆ ಅವರು ಆಗಲೇ ಜಿಲ್ಲೆಯ ಪಂದ್ಯಕ್ಕೆ ಏಳು ಜನರನ್ನು ಆರಿಸುತ್ತಿದ್ದರು. ಖಂಡಪ್ಪ ಮೊದಲು; ಎರಡನೆಯವನು ಯಾರೆಂಬುದಕ್ಕೆ ಜಗಳ ಹತ್ತಿತ್ತು. ಅಮೃತಪ್ಪ ತುಸು ದೂರದಲ್ಲಿ ಒಬ್ಬನೇ ಕೂತಿದ್ದ. ಅವಳನ್ನು ಕಂಡು ಎಲ್ಲರೂ ಮಾತು ನಿಲ್ಲಿಸಿದರು.

"ಒಳಗ ಬರ್ರಿ," ಎಂದಳು ಗುರುಬಾಯಿ. "ನಿಮ್ಮನ್ನ ಕರ್ಯಾಕತ್ತಾರ."

ಅವರು ಚಪ್ಪಲಿ ಬಿಟ್ಟು ನುಗ್ಗಿದರು. ಬಾಗಿಲು ದಾಟುವಷ್ಟರಲ್ಲಿ ವಾದ ಮತ್ತೆ ಶುರುವಾಗಿತ್ತು. ಅವಳು ಅಲ್ಲೇ ನಿಂತಳು.

"ಮಾವಾರ, ನೀವೂ ಬರ್ರಿ."

ಅಮೃತಪ್ಪ ತಲೆ ಎತ್ತಲಿಲ್ಲ. "ನೀ ನಡಿ, ತಾಯಿ," ಎಂದ. "ನಾ ಇಲ್ಲೇ ಇರ್ತೀನಿ."