ಹಿಂದೆ ಹಾಡುವವರು

"ಬೆನ್ನಿಗೆ ದಿಂಬು ಕೊಡ್ರಿ, ಇಲ್ಲಂದ್ರ ವಾಲತಾರ" ಎಂದು ಸುಲೋಚನಾ ಹೇಳುವಷ್ಟರಲ್ಲಿ ಪಕ್ಕದ ಮನೆಯ ಬಾಬ್ಜಿ ಶಂಕರಪ್ಪನವರ ಕಂಕುಳಿಗೆ ಕೈಕೊಟ್ಟು ಎತ್ತಿ ಆಗಿತ್ತು. ಬೆತ್ತದ ಕುರ್ಚಿ ಎಂದಿನಂತೆ ಕಿರುಗುಟ್ಟಿತು. ಶಂಕರಪ್ಪ ಮೂವತ್ತು ವರ್ಷ ಬೆಳಗಿನ ಪೇಪರ್ ಓದಿದ್ದು ಅದೇ ಕುರ್ಚಿಯಲ್ಲಿ.

ವಿಶಾಖಪಟ್ಟಣದ ಪಕ್ಕದ ಭೀಮುನಿಪಟ್ಟಣದ ಆ ಬೀದಿಯಲ್ಲಿ ಸತ್ತವರನ್ನು ಮಲಗಿಸುತ್ತಾರೆ. ಲಿಂಗಾಯತರಲ್ಲಿ ಕೂರಿಸುತ್ತಾರೆ ಎಂಬುದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಣೆ ತುಂಬ ವಿಭೂತಿ, ಕೊರಳಿಗೆ ಹೂವಿನ ಹಾರ. ನೆಟ್ಟಗೆ ಕೂತ ನಿವೃತ್ತ ಹೆಡ್ ಕ್ಯಾಷಿಯರ್ ಬಂದವರನ್ನೆಲ್ಲ 'ಮುಂದಿನವರು ಬರ್ರಿ' ಎಂದು ಕೌಂಟರಿಗೆ ಕರೆಯುವಂತಿದ್ದರು. ಜನ ಬಾಗಿಲಲ್ಲಿ ಒಂದು ಗಳಿಗೆ ತಡೆದು, ಆಮೇಲೆ ಒಳಗೆ ಬಂದು ಕೈಮುಗಿಯುತ್ತಿದ್ದರು.

ಪೆಂಡುರ್ತಿಯಿಂದ ಬಂದ ಜಂಗಮಯ್ಯ ಗಡಿಯಾರ ನೋಡಿ, ನಾಲ್ಕು ಗಂಟೆಗೆ ಎತ್ತಲೇಬೇಕು ಎಂದು ತೆಲುಗಿನಲ್ಲಿ ಹೇಳಿದರು.

"ಭಜನಿ?" ಎಂದರು ಸುಲೋಚನಾ, ಮಗಳ ಕಡೆ ತಿರುಗಿ.

"ಅಮ್ಮಾ, ಇಲ್ಲಿ ಭಜನಿ ಹಾಡೋರು ಯಾರಿದ್ದಾರ?"

"ಅವರು ಜಲ್ಮದಾಗ ಕೇಳಿದ್ದು ಅದೊಂದs ಹರಿಣಿ. ನನ್ನ ಕಳಸುಮುಂದ ಭಜನಿ ಇರ್ಲಿ ಅಂದಿದ್ರು."

ಹರಿಣಿ ಕೈಯಲ್ಲಿದ್ದ ಫೋನು ನೋಡಿದಳು. ವಿಜಯವಾಡದಲ್ಲಿ ಅವಳದೊಂದು ಬ್ಯಾಂಡು. ಯಾವ ಕಂಪನಿಯ ಹಂಗೂ ಇಲ್ಲದೆ ಮೂರು ವರ್ಷ ಒದ್ದಾಡಿ ಮಾಡಿದ ಮೊದಲ ಆಲ್ಬಂ ನಾಳೆ, ಶುಕ್ರವಾರ ಬೆಳಗ್ಗೆ ಬಿಡುಗಡೆ. ಏಳು ತೆಲುಗು ಹಾಡು. ಎಂಟನೆಯದು ಮಾತ್ರ ಕನ್ನಡದ್ದು, ಅಪ್ಪನ ದನಿಯಲ್ಲೇ ಹಾಡಿಸಿದ್ದು. ಈ ಸ್ಥಿತಿಯಲ್ಲಿ ಅದನ್ನು ಬಿಡುವುದೋ ತೆಗೆಯುವುದೋ ಅವಳಿಗೆ ತಿಳಿಯುತ್ತಿರಲಿಲ್ಲ. ಏನೇ ಬದಲಿಸುವುದಿದ್ದರೂ ಇವತ್ತು ಸಂಜೆಯೊಳಗೆ ಬದಲಿಸಬೇಕಿತ್ತು.

ಬಾದಾಮಿ ಕಡೆಯ ಎರೆಹೊಲದ ಊರಿನಿಂದ ಶಂಕರಪ್ಪ ವಿಶಾಖಪಟ್ಟಣಕ್ಕೆ ವರ್ಗವಾಗಿ ಬಂದದ್ದು ಎಂಬತ್ತನಾಲ್ಕರಲ್ಲಿ, ಮೂರೇ ವರ್ಷಕ್ಕೆಂದು. ಸಮುದ್ರ ಅವರನ್ನು ಹಿಡಿದು ಕೂರಿಸಿತು. ಪ್ರಮೋಷನ್ ಬಂದಾಗಲೆಲ್ಲ ಬೇಡವೆಂದು ಬರೆದುಕೊಟ್ಟು, ಊರು ಬಿಡುವುದನ್ನು ತಪ್ಪಿಸಿಕೊಂಡರು. ಹುಟ್ಟೂರಿನ ಮಠದಲ್ಲಿ ಗೆಳೆಯರೊಂದಿಗೆ ಸೋಮವಾರ ಸೋಮವಾರ ಹಾಡುತ್ತಿದ್ದ ಭಜನೆಯ ಪದಗಳನ್ನು ಮಾತ್ರ ಬಿಡಲಿಲ್ಲ. ಇಲ್ಲೂ ಸೋಮವಾರ ಸಂಜೆ ಆರಕ್ಕೆ ಕೈಕಾಲು ತೊಳೆದು, ತಾಳ ಹಿಡಿದು, ಗೋಡೆಗೆ ಒರಗಿ ಒಬ್ಬರೇ ಹಾಡುತ್ತಿದ್ದರು.

*

ಫೆಬ್ರವರಿಯ ಒಂದು ಸೋಮವಾರ ಹರಿಣಿ, ಗಿಟಾರ್ ನುಡಿಸುವ ಕೃಷ್ಣಚೈತನ್ಯನನ್ನು ಕರೆದುಕೊಂಡು ಬಂದು ಅದೇ ಗೋಡೆಯ ಮುಂದೆ ಮೈಕು ನಿಲ್ಲಿಸಿದ್ದಳು.

"ಫ್ಯಾನ್ ಬಂದ್ ಮಾಡ್ಲಾ ನಾನ್ನಾ?" ಅಪ್ಪನನ್ನು ಅವಳು ತೆಲುಗಿನವರಂತೆ ನಾನ್ನಾ ಎಂದೇ ಕರೆಯುತ್ತಿದ್ದಳು.

"ಬಂದ್ ಮಾಡಿದ್ರ ನಾ ಬೆವತು ಮುದ್ದಿ ಆಗತೀನಿ. ಇರ್ಲಿ ಬಿಡು."

ಅವರು ಕಣ್ಣು ಮುಚ್ಚಿ ಪದ ತೆಗೆದರು: *ಸಂತಿ ಮುಗಿದೈತಿ, ಚೀಲ ಝಾಡಿಸೊ ತಮ್ಮಾ...* ಒಂದು ಸಾಲು ಹಾಡಿ ನಿಂತರು. ತಾಳ ಮಾತ್ರ ನಡೆಯುತ್ತಿತ್ತು. ಫ್ಯಾನಿನ ಗುಂಯ್, ದೂರದ ಅಲೆ, ಪಕ್ಕದ ಮನೆಯ ಅಡುಗೆಯ ಸದ್ದು. ಇನ್ನೇನು ಮರೆತರು ಎನ್ನುವಾಗ ಎರಡನೆಯ ಸಾಲು ಬಂತು: *ಹೊತ್ತಿರತ ಮನಿ ದಾರಿ ಹಿಡಿಯೊ.* ಮತ್ತೆ ನಿಂತರು. ಪದ ಮುಗಿಯುವವರೆಗೂ ಹೀಗೇ.

"ಸಾಲು ಮರೆತುಹೋಗ್ತಿದೆಯಾ ಅಂಕಲ್?" ಎಂದು ಚೈತನ್ಯ ತೆಲುಗಿನಲ್ಲಿ ಮೆಲ್ಲಗೆ ಕೇಳಿದ.

"ಇಲ್ಲಪಾ, ಅದು ಹಂಗs" ಎಂದು ಶಂಕರಪ್ಪ ನಕ್ಕರು. ಅಷ್ಟೇ.

ಅಪ್ಪನಿಗೆ ವಯಸ್ಸಾಯಿತು ಎಂದುಕೊಂಡಳು ಹರಿಣಿ. ಕೇಳುವವರು ಅವರನ್ನು ಮರೆಗುಳಿ ಅನ್ನಬಾರದು ಎಂಬ ಹಟಕ್ಕೆ ಬಿದ್ದಳು. ವಿಜಯವಾಡದಲ್ಲಿ, ಮಂಗಳಗಿರಿಯ ದಪ್ಪ ನೂಲಿನ ಬಟ್ಟೆಗಳನ್ನು ಗೋಡೆಗೆ ಬಡಿದು ಮಾಡಿಕೊಂಡ ತಮ್ಮ ರೆಕಾರ್ಡಿಂಗ್ ಕೋಣೆಯಲ್ಲಿ ಎರಡು ದಿನ ಕೂತು, ಸಾಲುಗಳ ನಡುವಿನ ಖಾಲಿ ಜಾಗವನ್ನೆಲ್ಲ ತಾನೇ ಕತ್ತರಿಸಿ ಸಾಲಿಗೆ ಸಾಲು ಸೇರಿಸಿದಳು. ಎಂಟು ನಿಮಿಷದ ಪದ ಮೂರೂವರೆಗೆ ಬಂದು ನಿಂತಿತು.

ಹದಿನೈದು ದಿನದ ಹಿಂದೆ ಫೋನಿನಲ್ಲಿ ಕೇಳಿಸಿದಾಗ ಶಂಕರಪ್ಪ ಕೊನೆಯವರೆಗೂ ಕೇಳಿ, "ಛಲೋ ಆಗೇತವಾ. ಆದ್ರ ಹಾಡಾಂವ ಭಾಳ ಅವಸರದಾಗ ಇದ್ದಂಗ ಕಾಣತಾನ" ಎಂದಿದ್ದರು. ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡಳು.

*

ಮಧ್ಯಾಹ್ನ ಎರಡು ಗಂಟೆಗೆ ಚೈತನ್ಯನ ಕಾರು ಬಂತು. ಅದರಿಂದ ಇಳಿದವರು ಅಣ್ಣಪ್ಪ, ಶಂಕರಪ್ಪನವರ ಬಾಲ್ಯದ ಗೆಳೆಯ. ಗೆಳೆಯ ಆಸ್ಪತ್ರೆಯಲ್ಲಿದ್ದಾನೆಂದು ತಿಳಿದು ಹುಬ್ಬಳ್ಳಿಯಲ್ಲಿ ರೈಲು ಹತ್ತಿದ್ದರು. ವಿಜಯವಾಡದಲ್ಲಿ ಇಳಿಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಲ್ಲಿಂದ ಚೈತನ್ಯ ಕರೆತಂದಿದ್ದ; ಒಬ್ಬರ ಭಾಷೆ ಒಬ್ಬರಿಗೆ ಬಾರದ ಈ ಇಬ್ಬರು ಕಾರಿನಲ್ಲಿ ಏಳು ಗಂಟೆ ಜೊತೆಗೆ ಕೂತು ಬಂದಿದ್ದರು.

ಅಣ್ಣಪ್ಪ ಕುರ್ಚಿಯ ಮುಂದೆ ಕೂತು ಗೆಳೆಯನ ಮೊಣಕಾಲು ಹಿಡಿದುಕೊಂಡರು. "ಒಂದ್ ದಿನ ತಡದಿದ್ರ ನಿನ್ನ ಗಂಟೇನ್ ಹೋಗತಿತ್ತಲೇ ಶಂಕ್ರಾ" ಎಂದು ಬೈದು ಅತ್ತರು. ಅತ್ತು ಸಾಕಾದ ಮೇಲೆ ಚೀಲದಿಂದ ತಾಳ ತೆಗೆದರು.

"ಕಾಕಾ, ನೀವು ಹಾಡ್ತೀರಾ?" ಹರಿಣಿಯ ದನಿಯಲ್ಲಿ ಆಸೆ ಇತ್ತು.

"ನನ್ನ ದನಿ ಹೋಗಿ ನಾಕ್ ವರ್ಷ ಆತವಾ. ಇದ್ದಿದ್ರೂ ಒಬ್ಬನ ಕೈಲೆ ಭಜನಿ ಆಗಂಗಿಲ್ಲ. ಒಬ್ಬಾಂವ ಹೇಳಬೇಕು, ಹಿಂದ ನಾಕ್ ಮಂದಿ ಅದನ್ನs ಹೊಳ್ಳಿ ಹಾಡಬೇಕು. ಯಾವಾಗಲೂ ಹೇಳಾಂವ ನಿಮ್ಮಪ್ಪ. ನಾವು ಹಿಂದ ಹಾಡಾವ್ರು."

ಹರಿಣಿ ಅವರನ್ನೇ ನೋಡಿದಳು. "ಅಂದ್ರ, ನಾನ್ನಾ ಒಂದ್ ಸಾಲು ಹಾಡಿ ನಿಲ್ಲತಿದ್ದರಲ್ಲ, ಅದು..."

"ಅದು ನಮ್ಮ ಪಾಳಿ."

ಅವಳು ಅಣ್ಣಪ್ಪನ ಪಕ್ಕ ನೆಲದ ಮೇಲೆ ಕೂತಳು. ನಲವತ್ತು ವರ್ಷ ಅಪ್ಪ ಜೋಪಾನ ಮಾಡಿ ಉಳಿಸಿಕೊಂಡ ಜಾಗವನ್ನು ತಾನು ಎರಡು ದಿನದಲ್ಲಿ ಕತ್ತರಿಸಿ ಬಿಸಾಡಿದ್ದೆ ಎಂದು ತಿಳಿದು, ಬೆಳಗ್ಗೆಯಿಂದ ಬಾರದ ಅಳು ಈಗ ಬಂತು.

"ನೀ ಯಾಕ ಹೇಳಲಿಲ್ಲಮ್ಮಾ?"

"ಯಾರ್ ಕೇಳಿದ್ರಿ?" ಎಂದರು ಸುಲೋಚನಾ. ಆಮೇಲೆ ತಗ್ಗಿದ ದನಿಯಲ್ಲಿ, "ನಾನs ಹಾಡಬಹುದಿತ್ತು. ನಮ್ಮೂರಾಗ ಭಜನಿಗೆ ಹೆಂಗಸರು ಕುಂಡರತಿದ್ದಿಲ್ಲ. ಆ ರೂಢಿ ಇಲ್ಲಿ ಬಂದ ಮ್ಯಾಲೂ ಬಿಡಲಿಲ್ಲ ನೋಡು."

ಹರಿಣಿ ಕಣ್ಣೊರೆಸಿಕೊಂಡು ಎದ್ದಳು. ಚೈತನ್ಯನಿಗೆ ತೆಲುಗಿನಲ್ಲಿ ಎಲ್ಲ ಹೇಳಿ, "ಕತ್ತರಿಸದೇ ಇರೋದು ಇದೆಯಾ?" ಎಂದಳು. ಅವನು ಏನನ್ನೂ ಅಳಿಸುವ ಜಾತಿಯವನಲ್ಲ. ಲ್ಯಾಪ್‌ಟಾಪು, ಸ್ಪೀಕರು ಎರಡೂ ಕಾರಿನಲ್ಲೇ ಇದ್ದವು.

ಸ್ಪೀಕರನ್ನು ಕುರ್ಚಿಯ ಕಾಲ ಬಳಿ ಇಟ್ಟರು. ಮೊದಲು ಫ್ಯಾನಿನ ಸದ್ದು, ಆಮೇಲೆ ತಾಳ, ಆಮೇಲೆ ಶಂಕರಪ್ಪ. *ಸಂತಿ ಮುಗಿದೈತಿ, ಚೀಲ ಝಾಡಿಸೊ ತಮ್ಮಾ.* ನೆರೆದವರು ಬೆಚ್ಚಿ ಕುರ್ಚಿಯ ಕಡೆ ನೋಡಿದರು. ಸಾಲು ಮುಗಿಯಿತು. ಅಣ್ಣಪ್ಪ ತಾಳ ಎತ್ತಿ, ಇದ್ದಷ್ಟು ದನಿಯಲ್ಲಿ ಅದೇ ಸಾಲನ್ನು ಹೊಳ್ಳಿ ಹಾಡಲು ಬಾಯಿ ತೆರೆದವರು ಹಾಗೇ ನಿಂತರು.

ಆ ಖಾಲಿ ಜಾಗದಲ್ಲಿ ಇನ್ನೊಂದು ದನಿ ಇತ್ತು. ಗೋಡೆಯಾಚೆಯಿಂದ, ಒಗ್ಗರಣೆಯ ಸದ್ದಿನ ನಡುವೆ, ತೀರ ಸಣ್ಣಗೆ ಒಬ್ಬ ಹೆಂಗಸು ಅದೇ ಸಾಲನ್ನು ಹೊಳ್ಳಿ ಹಾಡುತ್ತಿದ್ದಳು.

ಎಲ್ಲರೂ ಬಾಬ್ಜಿಯ ತಾಯಿ ಸೂರ್ಯಕಾಂತಮ್ಮನ ಕಡೆ ತಿರುಗಿದರು. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಇಪ್ಪತ್ತು ವರ್ಷದಿಂದ ಕೇಳಿ ಕೇಳಿ ಬಾಯಿಗೆ ಬಂದುಬಿಟ್ಟಿದೆ" ಎಂದರು ತೆಲುಗಿನಲ್ಲಿ, ತಪ್ಪು ಮಾಡಿ ಸಿಕ್ಕಿಬಿದ್ದವರಂತೆ. "ಅರ್ಥ ಗೊತ್ತಿಲ್ಲ. ಅವರು ನಿಲ್ಲಿಸಿದಾಗ ಯಾರಾದರೂ ಅನ್ನಬೇಕು ಅನ್ನಿಸುತ್ತಿತ್ತು. ಒಂದು ಸಲ ಜ್ವರ ಬಂದು ನಾನು ಅನ್ನಲಿಲ್ಲ. ಮಾರನೆಯ ದಿನ ಬಾಗಿಲಿಗೆ ಬಂದು, ಅಮ್ಮಾ ಆರೋಗ್ಯವಾಗಿದ್ದೀರಾ ಅಂತ ಕೇಳಿದರು."

ಸುಲೋಚನಾ ಮೊದಲು ನಕ್ಕರು. ಅಳುತ್ತಲೇ ನಕ್ಕರು. "ಅದಕ್ಕs ನಿಮ್ಮನಿ ಪಲ್ಯ ಸೋಮವಾರಕ್ಕೊಮ್ಮೆ ಸೀಯತಿತ್ತು!"

ಹರಿಣಿ ಪದವನ್ನು ಮೊದಲಿನಿಂದ ಹಚ್ಚಿದಳು. ಈ ಸಲ ಸಾಲು ಮುಗಿದಾಗ ಅಣ್ಣಪ್ಪ ಹಾಡಿದರು, ಸೂರ್ಯಕಾಂತಮ್ಮ ಗೋಡೆಯ ಈಚೆ ಕೂತು ಗಟ್ಟಿಯಾಗಿ ಹಾಡಿದರು. ಹರಿಣಿ ಉಚ್ಚಾರ ತಪ್ಪಿದರೂ ಬಿಡದೆ ಹಾಡಿದಳು. ಮೂರನೆಯ ಸಾಲಿಗೆ ಬಾಬ್ಜಿ ಸೇರಿದ, ಐದನೆಯದಕ್ಕೆ ಚೈತನ್ಯ. ಶಂಕರಪ್ಪ ಹೇಳಿದರು, ಮಂದಿ ಹಿಂದೆ ಹಾಡಿದರು. ನಾಲ್ಕು ಗಂಟೆಗೆ ವಿಮಾನ ಎನ್ನುವ ಬಿದಿರಿನ ಚಟ್ಟದಲ್ಲಿ ಕೂರಿಸಿ ಹೊತ್ತಾಗ ಸ್ಪೀಕರು ಚೈತನ್ಯನ ಹೆಗಲ ಮೇಲಿತ್ತು. ಬೀದಿಯ ಕೊನೆಯ ಚಹದಂಗಡಿ ದಾಟುವಾಗ ಗುರುತಿಲ್ಲದ ನಾಲ್ಕಾರು ಮಂದಿಯೂ ದನಿಗೂಡಿಸಿದರು.

ಮಣ್ಣು ಕೊಟ್ಟು, ಮಿಂದು ಬಂದ ಮೇಲೆ ಹರಿಣಿ ಒದ್ದೆ ಕೂದಲಲ್ಲೇ ಲ್ಯಾಪ್‌ಟಾಪಿನ ಮುಂದೆ ಕೂತಳು. "ಎಂಟನೇದು ತೆಗೀತೀಯಾ?" ಎಂದ ಚೈತನ್ಯ.

"ಇಲ್ಲ. ಪೂರ್ತಿ ಎಂಟು ನಿಮಿಷವೂ ಹಾಕ್ತೀನಿ. ಫ್ಯಾನು, ಒಗ್ಗರಣೆ ಎಲ್ಲ ಇರಲಿ."

*

ಶುಕ್ರವಾರ ಬೆಳಗ್ಗೆ ಎಂಟು ಗಂಟೆಗೆ ಆಲ್ಬಂ ಬಿಡುಗಡೆಯಾಯಿತು. ಹರಿಣಿ ಫೋನನ್ನು ಖಾಲಿ ಬೆತ್ತದ ಕುರ್ಚಿಯ ಮೇಲಿಟ್ಟು ಎಂಟನೆಯ ಹಾಡನ್ನೇ ಮೊದಲು ಹಚ್ಚಿದಳು. ಅಷ್ಟರಲ್ಲೇ ಅದನ್ನು ಎಲ್ಲೆಲ್ಲಿಯೋ ಹನ್ನೊಂದು ಮಂದಿ ಕೇಳಿ ಆಗಿತ್ತು. ಅಣ್ಣಪ್ಪ ಜಗುಲಿಯಲ್ಲಿ ಚಹ ಕುಡಿಯುತ್ತಿದ್ದರು.

ಮೊದಲ ಸಾಲು ಮುಗಿಯಿತು. ಫೋನಿನಲ್ಲಿ ತಾಳ ನಡೆಯುತ್ತಿತ್ತು. ಗೋಡೆಯಾಚೆ ಕುಕ್ಕರಿನ ಸೀಟಿ ನಿಂತು, ಸೂರ್ಯಕಾಂತಮ್ಮನ ದನಿ ಎದ್ದಿತು.

ಸುಲೋಚನಾ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದರು. ಕುರ್ಚಿಯ ಪಕ್ಕ ನೆಲದ ಮೇಲೆ ಕೂತು, ಗೋಡೆಯ ಮೊಳೆಗೆ ತೂಗುಹಾಕಿದ್ದ ಗಂಡನ ತಾಳವನ್ನು ತೆಗೆದುಕೊಂಡರು. ಎರಡನೆಯ ಸಾಲು ಮುಗಿಯುವುದನ್ನೇ ಕಾದು, ಅವರೂ ಬಾಯಿಬಿಟ್ಟು ಹಾಡಿದರು.